ಕಡಲಂಚಿನ ಕಾಲುದಾರಿ, ಬಂಡೆಸಂದಿನ ಡಬ್ಬಿ

ಕಳ್ಳಸಾಗಣೆ ತಡೆಯಲು ಸವೆದ ಹಾದಿ, ಯುದ್ಧಕ್ಕೆಂದು ಹಾರಿಸಿದ ಉಪಗ್ರಹ. ಇವೆರಡೂ ಕೂಡಿ ರಜಾದಿನದ ಆಟವಾಯಿತು. ಅದರ ಒಂದು ಎಳೆ ನಮ್ಮ ರಾಮನಗರ ಸೀಮೆಗೂ ಬಂದು ತಾಗುತ್ತದೆ.

ಗೋಕರ್ಣದ ದೊಡ್ಡ ಕಡಲತೀರ ದಕ್ಷಿಣಕ್ಕೆ ಮುಗಿಯುವಲ್ಲಿ ಗುಡ್ಡದ ಮೇಲೆ ರಾಮಮಂದಿರವಿದೆ. ಅಲ್ಲಿಂದ ಮೇಲೇರಿದರೆ ಕೆಂಪು ಚಿರೇಕಲ್ಲಿನ ಬೋಳು ನೆತ್ತಿ. ಕುಡ್ಲೆಗೆ ಇಳಿದು, ಮತ್ತೆ ಹತ್ತಿ ಓಂ ಬೀಚ್ ಸೇರಿದ ಮೇಲೆ ಹಾಫ್ ಮೂನ್ ಕಡೆಗೆ ಹೋಗುವ ದಾರಿ ಕಿರಿದಾಗುತ್ತದೆ: ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ನೊರೆಗಟ್ಟುವ ಅಲೆ. ಈ ಹಾದಿಯನ್ನು ಯಾವ ಇಲಾಖೆಯೂ ಟೆಂಡರ್ ಕರೆದು ಮಾಡಿಸಿದ್ದಲ್ಲ. ಊರವರ ನಿತ್ಯದ ಓಡಾಟದಲ್ಲಿ ಸವೆದ ದಾರಿಗೆ ಆಮೇಲೆ ವಿದೇಶಿ ಪ್ರವಾಸಿಗರು ಬಂದರು. ಈಗ ಬೈರಾಪಟ್ಟಣದಂಥ ಬಯಲುಸೀಮೆಯ ಹುಡುಗರೂ ಅದನ್ನು ‘ಬೀಚ್ ಟ್ರೆಕ್’ ಎಂದೇ ಕರೆಯುತ್ತಾರೆ.

ಇಂಥ ಹಾದಿಗಳಲ್ಲಿ ಜಗತ್ತಿನಾದ್ಯಂತ ಇನ್ನೊಂದು ಆಟ ನಡೆಯುತ್ತದೆ. ಯಾರೋ ಒಬ್ಬರು ಬಂಡೆಸಂದಿನಲ್ಲಿ ನೀರು ಹೋಗದ ಡಬ್ಬಿಯೊಂದನ್ನು ಅಡಗಿಸಿ, ಆ ಜಾಗದ ಅಕ್ಷಾಂಶ–ರೇಖಾಂಶವನ್ನು ಪ್ರಕಟಿಸುತ್ತಾರೆ. ಅಂಕಿ ಹಿಡಿದು ಬಂದವರು ಡಬ್ಬಿ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಒಳಗಿನ ಆಟಿಕೆಯನ್ನೋ ನಾಣ್ಯವನ್ನೋ ತೆಗೆದುಕೊಂಡರೆ ಬದಲಿಗೆ ಏನಾದರೂ ಇಡಬೇಕು. ಚನ್ನಪಟ್ಟಣದವರು ಅರಗಿನ ಬಣ್ಣದ ಬುಗುರಿ ಇಟ್ಟರೆ ನಡೆದೀತು. ಇದರ ಹೆಸರು ಜಿಯೋಕ್ಯಾಶಿಂಗ್.

ಕಾವಲುಗಾರರ ಹೆಜ್ಜೆ

ಕಡಲಂಚಿನ ನಡಿಗೆಗೆ ಹೆಸರಾದದ್ದು ಇಂಗ್ಲೆಂಡಿನ ನೈಋತ್ಯ ಕರಾವಳಿಯ ಹಾದಿ. ಮೈನ್‌ಹೆಡ್‌ನಿಂದ ಪೂಲ್‌ವರೆಗೆ 1,000 ಕಿ.ಮೀ.ಗೂ ಉದ್ದ. ಅದು ಬೆಟ್ಟದ ತುದಿಗೇ ಅಂಟಿಕೊಂಡಿರುವುದಕ್ಕೆ ಕಾರಣ ಸೌಂದರ್ಯವಲ್ಲ, ಸುಂಕ. ಕಳ್ಳಮಾಲು ಇಳಿಸುವವರ ಮೇಲೆ ಕಣ್ಣಿಡಲು 1822ರಲ್ಲಿ ಕರಾವಳಿ ಕಾವಲು ಪಡೆ ಕಟ್ಟಲಾಯಿತು. ಪ್ರತಿಯೊಂದು ಕೊಲ್ಲಿಯನ್ನೂ ಇಣುಕಿ ನೋಡಬೇಕಾಗಿದ್ದ ಕಾವಲುಗಾರರು ಅಂಚು ಬಿಟ್ಟು ನಡೆಯುವಂತಿರಲಿಲ್ಲ.

ಡಬ್ಬಿಯ ಮೂಲವೂ ಅದೇ ಸೀಮೆಯದು. 1854ರಲ್ಲಿ ಡಾರ್ಟ್‌ಮೂರ್‌ನ ಮಾರ್ಗದರ್ಶಿ ಜೇಮ್ಸ್ ಪೆರಟ್, ಕ್ರಾನ್‌ಮಿಯರ್ ಪೂಲ್ ಎಂಬ ದುರ್ಗಮ ಜವುಗಿನಲ್ಲಿ ಬಾಟಲಿಯೊಂದನ್ನು ಇಟ್ಟ. ಅಲ್ಲಿವರೆಗೆ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡನ್ನು ಅದರೊಳಗೆ ಹಾಕುತ್ತಿದ್ದರು. ಬಾಟಲಿ ಮುಂದೆ ಪೆಟ್ಟಿಗೆಯಾಯಿತು, ಕಾರ್ಡಿನ ಜಾಗಕ್ಕೆ ರಬ್ಬರ್ ಮೊಹರು ಬಂತು. ಈ ಹವ್ಯಾಸಕ್ಕೆ ‘ಲೆಟರ್‌ಬಾಕ್ಸಿಂಗ್’ ಎಂಬ ಹೆಸರು ನಿಂತಿತು. ಆದರೆ ಪೆಟ್ಟಿಗೆ ಎಲ್ಲಿದೆ ಎಂದು ತಿಳಿಸಲು ಒಗಟು, ದಿಕ್ಸೂಚಿ, ಬಾಯಿಮಾತು ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಒಂದು ರಾತ್ರಿಯ ಬದಲಾವಣೆ

ಅಮೆರಿಕದ ಸೈನ್ಯ ಕಟ್ಟಿದ ಜಿಪಿಎಸ್ ಜನಸಾಮಾನ್ಯರಿಗೆ ದಕ್ಕಿದಾಗಲೂ ಅದರಲ್ಲಿ ಬೇಕೆಂದೇ ಬೆರೆಸಿದ ತಪ್ಪಿತ್ತು. ಶತ್ರುಗಳಿಗೆ ನಿಖರ ಗುರಿ ಸಿಗಬಾರದೆಂದು ನಾಗರಿಕರ ಸಂಕೇತವನ್ನು ಸುಮಾರು 100 ಮೀಟರ್ ಆಚೀಚೆ ಆಗುವಂತೆ ಕೆಡಿಸಿಡಲಾಗುತ್ತಿತ್ತು. ಸುತ್ತ ನೂರು ಮೀಟರ್ ಜಾಗದಲ್ಲಿ ಡಬ್ಬಿ ಹುಡುಕುವುದು ಆಗದ ಹೋಗದ ಮಾತು. ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ 2000ದ ಮೇ 2ರಂದು ಆ ಕಲಬೆರಕೆ ನಿಂತಿತು. ಜಗತ್ತಿನ ಎಲ್ಲ ಜಿಪಿಎಸ್ ಯಂತ್ರಗಳೂ ಇದ್ದಕ್ಕಿದ್ದಂತೆ ಹತ್ತಿಪ್ಪತ್ತು ಮೀಟರ್‌ವರೆಗೆ ಸರಿ ಹೇಳತೊಡಗಿದವು.

ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಂಚಿನಲ್ಲಿ ಕಪ್ಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅರ್ಧ ಹೂತಿಟ್ಟ. ಒಳಗೆ ಪುಸ್ತಕ, ಪೆನ್ಸಿಲ್, ಒಂದು ಕವಣೆ, ಬೀನ್ಸ್ ತುಂಬಿದ ಡಬ್ಬವೂ ಇತ್ತು. ಸಂಕೇತ ನಿಜಕ್ಕೂ ಎಷ್ಟು ನಿಖರ ಎಂದು ಒರೆಗೆ ಹಚ್ಚುವುದು ಅವನ ಉದ್ದೇಶ. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿದರು. ಮೊದಲು ದಾಖಲಿಸಿದ ಮೈಕ್ ಟೀಗ್ ಇಂಥ ತಾಣಗಳ ಪಟ್ಟಿಯನ್ನೇ ಮಾಡತೊಡಗಿದ. ಅದೇ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಷ್ ಅಂತರ್ಜಾಲದಲ್ಲಿ ಆಟಕ್ಕೊಂದು ಶಾಶ್ವತ ನೆಲೆ ಕಟ್ಟಿಕೊಟ್ಟ.

ಈ ಆಟದವರು ಅಕ್ಷಾಂಶವನ್ನು ಡಿಗ್ರಿ, ನಿಮಿಷ, ನಿಮಿಷದ ಮೂರು ದಶಮಾಂಶದವರೆಗೆ ಬರೆಯುತ್ತಾರೆ. ಅದರ ಕೊನೆಯ ಅಂಕಿ ಒಂದು ಹೆಚ್ಚಿದರೆ ನೆಲದ ಮೇಲೆ ಎರಡು ಮೀಟರಿಗೂ ಕಡಿಮೆ ದೂರ. ಆದರೆ ಕಡಿದಾದ ಬೆಟ್ಟದ ಬುಡದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅರ್ಧ ಆಕಾಶವನ್ನು ಬಂಡೆಯೇ ಮುಚ್ಚಿರುತ್ತದೆ. ಕೆಲವು ಉಪಗ್ರಹಗಳ ಸಂಕೇತ ಬಂಡೆಗೆ ಬಡಿದು ಸುತ್ತಿಕೊಂಡು ತಡವಾಗಿ ಬರುತ್ತದೆ. ಪರದೆಯ ಮೇಲಿನ ಬಾಣ ಒಮ್ಮೆ ಕಡಲನ್ನೂ ಒಮ್ಮೆ ಗುಡ್ಡವನ್ನೂ ತೋರಿಸುತ್ತದೆ. ಆಗ ಪಳಗಿದವರು ಫೋನನ್ನು ಜೇಬಿಗಿಳಿಸಿ ಕಲ್ಲುಗಳನ್ನು ನೋಡುತ್ತಾರೆ: ತಾನಾಗಿ ಬಿದ್ದ ಕಲ್ಲು ಯಾವುದು, ಯಾರೋ ಜೋಡಿಸಿಟ್ಟದ್ದು ಯಾವುದು?

ಬ್ಯಾಲಾಳಿನ ನಂಟು

ಒಬ್ಬ ಅಧ್ಯಕ್ಷ ನಿಲ್ಲಿಸಬಹುದಾದ ಕಲಬೆರಕೆಯನ್ನು ಇನ್ನೊಬ್ಬ ಶುರು ಮಾಡಲೂಬಹುದಿತ್ತು. ದಾರಿ ತೋರಿಸುವ ಉಪಗ್ರಹಗಳು ಸ್ವಂತದ್ದಿರಬೇಕೆಂದು ಭಾರತ ಹೊರಟದ್ದಕ್ಕೆ ಈ ಪರಾವಲಂಬನೆಯೇ ಕಾರಣ. ಬಿಡದಿಗೆ ಸಮೀಪದ ಬ್ಯಾಲಾಳಿನಲ್ಲಿ, ಚಂದ್ರಯಾನದ ಸಂಕೇತ ಹಿಡಿಯಲು ನಿಂತ 32 ಮೀಟರ್ ಅಗಲದ ಆಂಟೆನಾದ ಆವರಣದಲ್ಲೇ, 2013ರ ಮೇ 28ರಂದು ಇಸ್ರೊದ ನ್ಯಾವಿಗೇಷನ್ ಕೇಂದ್ರ ಉದ್ಘಾಟನೆಯಾಯಿತು. ಅದೇ ಜುಲೈನಲ್ಲಿ ಮೊದಲ ಉಪಗ್ರಹ ಹಾರಿತು. 2016ರ ಏಪ್ರಿಲ್‌ನಲ್ಲಿ ಏಳನೆಯದು ಮೇಲೇರಿದ ಮೇಲೆ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಾಯಿತು. ಈಗ ಎಷ್ಟೋ ಮೊಬೈಲ್‌ಗಳ ಚಿಪ್‌ಗಳು ಜಿಪಿಎಸ್ ಜೊತೆಗೆ ನಾವಿಕ್ ಸಂಕೇತವನ್ನೂ ಓದುತ್ತವೆ.

ಹಾಗಾದರೆ ನಮ್ಮ ಬೆಟ್ಟಗಳಲ್ಲೂ ಡಬ್ಬಿ ಅಡಗಿಸಬಹುದೇ? ಎಲ್ಲೆಂದರಲ್ಲಿ ಖಂಡಿತ ಬೇಡ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಹೆಚ್ಚಾಗಿ ಕಡಿದಾದ ಬಂಡೆಯ ಚಾಚಿನಲ್ಲಿ, ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅಂಥಲ್ಲಿ ಡಬ್ಬಿ ಹುಡುಕುವ ಗುಂಪು ನುಗ್ಗಿದರೆ ಆಟ ಅಪರಾಧವಾಗುತ್ತದೆ.

ಇದಕ್ಕೆ ಪರಿಹಾರ ಆಟದೊಳಗೇ ಹುಟ್ಟಿದೆ, ಅದೂ ಕಡಲಂಚಿನಲ್ಲಿ. 2004ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಾಸ್ಪ್ ಹೆಡ್ ಎಂಬ ಬಂಡೆಚಾಚಿನ ಮೇಲೆ ಮೊದಲ ‘ಅರ್ಥ್‌ಕ್ಯಾಶ್’ ಶುರುವಾಯಿತು. ಅಲ್ಲಿ ಡಬ್ಬಿಯೇ ಇಲ್ಲ. ಜಾಗಕ್ಕೆ ಹೋಗಿ, ಕಲ್ಲನ್ನು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕಳಿಸಿದರೆ ಮುಗಿಯಿತು. ಜಾಗದ ಹೊಣೆ ಹೊತ್ತವರ ಅನುಮತಿ ಮಾತ್ರ ಇದಕ್ಕೂ ಬೇಕು.

ಇಂಥ ಪ್ರಶ್ನೆಗೆ ರಾಮನಗರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಊರಿನ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಕರೆಯುವ ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಅರಣ್ಯ ಇಲಾಖೆ ಒಪ್ಪಿದರೆ, ರಾಮದೇವರ ಬೆಟ್ಟದ ಮೆಟ್ಟಿಲು ಬಿಟ್ಟು ಆಚೆ ಕಾಲಿಡದೆಯೇ ಆಡಬಹುದು. ಚನ್ನಪಟ್ಟಣ ತಾಲ್ಲೂಕಿನ ಯಾವುದೇ ಹೈಸ್ಕೂಲಿನ ಮಕ್ಕಳಿಗೆ ಕೊಡಬಹುದಾದ ಮೊದಲ ಪ್ರಶ್ನೆ ಇದು: ಬಂಡೆಯಲ್ಲಿ ಹುದುಗಿರುವ ಗುಲಾಬಿ ಬಣ್ಣದ ದಪ್ಪ ಹರಳುಗಳು ಅಡ್ಡಾದಿಡ್ಡಿಯಾಗಿವೆಯೇ, ಒಂದೇ ದಿಕ್ಕಿಗೆ ಸಾಲುಗಟ್ಟಿವೆಯೇ? ಸಾಲುಗಟ್ಟಿದ್ದರೆ, ಈ ಕಲ್ಲು ಒಂದಾನೊಂದು ಕಾಲದಲ್ಲಿ ಯಾವ ಕಡೆಗೆ ಹರಿಯುತ್ತಿತ್ತು?