ಕಡಲು ನುಡಿಸುವ ವಾದ್ಯ

ಕುಷಾಯಿಗೂಡದಲ್ಲಿ ಹುಟ್ಟಿದ ನಮ್ಮ ಮಕ್ಕಳು ಕಡಲನ್ನು ಕಂಡವರಲ್ಲ. ಊರಿನಿಂದ ತಂದ ಶಂಖವನ್ನು ಕಿವಿಗೊತ್ತಿ, “ಕಡಲಿನ ಸದ್ದು ಹೀಗೆಯೇ?” ಎನ್ನುತ್ತಾರೆ. ಕರಾವಳಿ ಬಿಟ್ಟುಬಂದ ನಾವು ಏನೆಂದು ಹೇಳೋಣ? ಕ್ರೊಯೇಷಿಯಾ ದೇಶದ ಜಾದರ್ ಪಟ್ಟಣದ ಸಂಗತಿ ಹೇಳಿದೆವು. ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಆ ಊರಿನ ದಡಕ್ಕೆ ಬಳಿಕ ಬರಿಯ ಕಾಂಕ್ರೀಟು ಗೋಡೆ ಬಂದಿತ್ತು. 2005ರಲ್ಲಿ ವಾಸ್ತುಶಿಲ್ಪಿ ನಿಕೊಲಾ ಬಾಶಿಚ್ ಅಲ್ಲಿ ಸುಮಾರು 70 ಮೀಟರು ಉದ್ದಕ್ಕೆ ಕಲ್ಲಿನ ಮೆಟ್ಟಿಲು ಮಾಡಿಸಿ, ಅಡಿಯಲ್ಲಿ 35 ಕೊಳವೆಗಳನ್ನಿಡಿಸಿದರು. ಅಲೆ ನುಗ್ಗಿದಾಗ ಒಳಗಿನ ಗಾಳಿ ಒತ್ತಿ ಸ್ವರ ಹೊರಡುತ್ತದೆ. ಹಾರ್ಮೋನಿಯಮ್ಮಿನ ತಿದಿಯ ಕೆಲಸ ಅಲೆಯದು! ಜನರು ಮೆಟ್ಟಿಲ ಮೇಲೆ ಕುಳಿತು, ಪಾದಗಳನ್ನು ನೀರಿಗೆ ಇಳಿಬಿಟ್ಟು ಆಲಿಸುತ್ತಾರೆ. ದೋಣಿಯೊಂದು ಹಾದರೂ ಸ್ವರ ಬದಲಾಗುವುದುಂಟು.

“ಅದು ಅವರ ಕಡಲು. ನಮ್ಮದು?” ಎಂದಳು ಕಿರಿಯವಳು.

ಮಲ್ಪೆಗೆ ಹೋಗಿಬರಲು ಕಚೇರಿಯಲ್ಲಿ ರಜೆಗೆ ಅರ್ಜಿ ಕೊಟ್ಟಿದ್ದೇವೆ.