ಒಡಲಲ್ಲಿ ಕೂಸು, ಎದುರಿಗೆ ಸಂದರ್ಶನ

ನಮ್ಮ ಗಡಿನಾಡಿನ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿ ದುಡಿಯುತ್ತಲೇ ಉನ್ನತ ವ್ಯಾಸಂಗದ ಹಂಬಲ ಹೊತ್ತಿರುತ್ತಾರೆ. ಶುಶ್ರೂಷಾಶಾಸ್ತ್ರದ ಪಿಎಚ್.ಡಿ. ಪ್ರವೇಶಕ್ಕೆ ಸಂದರ್ಶನದ ಕರೆ ತುಂಬು ಬಸಿರಿನಲ್ಲಿ ಬಂದರೆ, ‘ಮೊದಲು ಹೆರಿಗೆಯಾಗಲಿ, ಓದು ಎಲ್ಲಿ ಹೋಗುತ್ತದೆ?’ ಎನ್ನುವ ಹಿರಿಯರೇ ಹೆಚ್ಚು. ಆದರೆ ತಪ್ಪಿದ ಅವಕಾಶ ಮರಳಿ ಬಾರದಿರಬಹುದು.

ನೌಕರಿಗೆ ಸೇರುವ ಹೆಣ್ಣಿನಿಂದ ಮುಟ್ಟು, ಬಸಿರುಗಳ ವಿವರ ಬರೆಸಿಕೊಳ್ಳುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿತು. ಓದಿಗೂ ಅದೇ ನ್ಯಾಯ ಒಪ್ಪುವುದೆಂದು ನಾವು ಭಾವಿಸುತ್ತೇವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯು ಪಿಎಚ್.ಡಿ. ವಿದ್ಯಾರ್ಥಿನಿಗೆ ಒಟ್ಟು 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನೆಯ ರಜೆಗೆ ಅವಕಾಶವಿತ್ತಿದೆ.

ಹೀಗಿರಲು ತಾಯ್ತನವನ್ನು ಮರೆಮಾಚುವುದೂ ಬೇಡ, ಅದಕ್ಕಾಗಿ ತಲೆತಗ್ಗಿಸುವುದೂ ಬೇಡ. ವೈದ್ಯರ ಒಪ್ಪಿಗೆ ಪಡೆದು, ಮನೆಯವರಾದ ನಾವೇ ಆಕೆಯನ್ನು ಸಂದರ್ಶನಕ್ಕೆ ಕರೆದೊಯ್ಯೋಣ. ಮಡಿಲು ತುಂಬುವಷ್ಟೇ ಮಂಗಳಕರ ಅದು.