ರೋಡಿಯಂ: ಲೇಪನದ ತೊಟ್ಟಿಯಲ್ಲಿ ಅಡಗಿರುವ ಬಂಡವಾಳ

ಬಿಳಿ ಚಿನ್ನದ ಆಭರಣಗಳಿಗೆ ಕನ್ನಡಿಯಂತಹ ಹೊಳಪನ್ನು ನೀಡುವ ತೆಳುವಾದ ಲೇಪನ ರೋಡಿಯಂ ಲೋಹದ್ದು. ಪ್ಲಾಟಿನಂ ಗುಂಪಿಗೆ ಸೇರಿದ, 45ನೇ ಪರಮಾಣು ಸಂಖ್ಯೆಯ ಈ ಸಂಕ್ರಮಣ ಧಾತುವಿನ ಶೋಧವನ್ನು ಇಂಗ್ಲೆಂಡಿನ ವಿಲಿಯಂ ಹೈಡ್ ವುಲಾಸ್ಟನ್ 1804ರಲ್ಲಿ ಪ್ರಕಟಿಸಿದರು. ಇದರ ಲವಣಗಳ ಗುಲಾಬಿ ಬಣ್ಣವೇ ಹೆಸರಿಗೆ ಮೂಲ.

ಗುಣ ಮತ್ತು ಬಳಕೆ

ರೋಡಿಯಂ ಕರಗುವುದು 1,964 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇದು ಗಡುಸಾದ ಲೋಹ. ಸಾಮಾನ್ಯ ಉಷ್ಣತೆಯಲ್ಲಿ ಗಾಳಿಗೆ ಮಂಕಾಗದು. ಚಿನ್ನವನ್ನು ಕರಗಿಸುವ ಅಕ್ವಾ ರೀಜಿಯಾ ದ್ರಾವಣವೂ ಗಟ್ಟಿ ರೂಪದ ರೋಡಿಯಂನ ಮುಂದೆ ಬಹುಮಟ್ಟಿಗೆ ನಿಷ್ಫಲ. ಆದರೆ ಬೇಡಿಕೆಯ ಬಹುಪಾಲು ಬರುವುದು ಆಭರಣದಿಂದಲ್ಲ, ವಾಹನೋದ್ಯಮದಿಂದ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳನ್ನು ನಿರಪಾಯಕಾರಿ ನೈಟ್ರೋಜನ್ ಆಗಿ ಪರಿವರ್ತಿಸುವಲ್ಲಿ ಇದಕ್ಕೆ ಸಮನಾದ ಲೋಹ ವಿರಳ.

ಬೆಲೆಯ ಏರಿಳಿತ

ವಿಶ್ವದ ಪೂರೈಕೆಯ ಸುಮಾರು ಐದರಲ್ಲಿ ನಾಲ್ಕು ಪಾಲು ದಕ್ಷಿಣ ಆಫ್ರಿಕದ್ದು. ಅಲ್ಲಿಯೂ ರೋಡಿಯಂ ಪ್ಲಾಟಿನಂ ಗಣಿಗಾರಿಕೆಯ ಉಪೋತ್ಪನ್ನವಷ್ಟೇ. ಆದ್ದರಿಂದ ಬೆಲೆ ಏರಿದರೂ ಉತ್ಪಾದನೆ ಕೂಡಲೇ ಹೆಚ್ಚದು. 2008ರ ಮಧ್ಯಭಾಗದಲ್ಲಿ ಟ್ರಾಯ್ ಔನ್ಸಿಗೆ (31.1 ಗ್ರಾಂ) 10,000 ಡಾಲರ್ ತಲುಪಿದ್ದ ಬೆಲೆ ಅದೇ ವರ್ಷಾಂತ್ಯಕ್ಕೆ ಸುಮಾರು 1,000 ಡಾಲರಿಗೆ ಕುಸಿಯಿತು. 2021ರ ಮಾರ್ಚ್‌ನಲ್ಲಿ 29,000 ಡಾಲರ್ ಸಮೀಪಿಸಿ, 2023ರಲ್ಲಿ 5,000ಕ್ಕಿಂತ ಕೆಳಗಿಳಿಯಿತು.

ಲೆಕ್ಕದ ಪುಸ್ತಕದಲ್ಲಿ

ಲೀಟರಿಗೆ 2 ಗ್ರಾಂ ರೋಡಿಯಂ ಇರುವ 5 ಲೀಟರ್ ಹೊಸ ಲೇಪನ ದ್ರಾವಣವನ್ನು ಉದಾಹರಣೆಯಾಗಿ ನೋಡಬಹುದು. ಅದರಲ್ಲಿನ 10 ಗ್ರಾಂ ಲೋಹದ ಬೆಲೆ 29,000 ಡಾಲರ್ ದರದಲ್ಲಿ ಸುಮಾರು 9,300 ಡಾಲರ್. 5,000 ದರದಲ್ಲಿ 1,600 ಮಾತ್ರ. ಇದನ್ನು ಸಾಮಾನ್ಯ ರಾಸಾಯನಿಕದಂತೆ ಖರೀದಿಸಿದ ದಿನವೇ ಖರ್ಚಿಗೆ ಬರೆದರೆ ವರ್ಷಾಂತ್ಯದ ಲಾಭದ ಚಿತ್ರವೇ ತಪ್ಪಾಗುತ್ತದೆ. ಉಳಿದ ದ್ರಾವಣದಲ್ಲಿನ ಲೋಹವನ್ನು ಪರೀಕ್ಷಿಸಿ ದಾಸ್ತಾನಿನಲ್ಲಿ ತೋರಿಸುವುದು ಸೂಕ್ತ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ, ಸಿದ್ಧವಸ್ತು ತನ್ನ ವೆಚ್ಚಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ ಮಾರಾಟವಾಗುವ ನಿರೀಕ್ಷೆಯಿದ್ದರೆ ಕಚ್ಚಾವಸ್ತುವಿನ ಮೌಲ್ಯವನ್ನು ಇಳಿಸಬೇಕಿಲ್ಲ. ಆ ನಿರೀಕ್ಷೆ ಇಲ್ಲದಿದ್ದರೆ ಇಳಿಸಲೇಬೇಕು.

ಕಿರು ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು ಮೂರು. ಲೇಪನದ ನಂತರ ಆಭರಣ ತೊಳೆದ ಮೊದಲ ನೀರನ್ನು ಚರಂಡಿಗೆ ಬಿಡದೆ ಸಂಗ್ರಹಿಸಿ, ಲೋಹ ಮರುಪಡೆಯುವವರಿಗೆ ನೀಡುವುದು. ದರಪಟ್ಟಿಯಲ್ಲಿ ಅದು ಊರ್ಜಿತವಿರುವ ದಿನಾಂಕವನ್ನು ಕಾಣಿಸುವುದು. ಬೆಲೆ ಏರುತ್ತಿದೆಯೆಂಬ ಕಾರಣಕ್ಕೇ, ಕೈಯಲ್ಲಿರುವ ಆರ್ಡರಿಗಿಂತ ಹೆಚ್ಚು ದಾಸ್ತಾನು ಮಾಡದಿರುವುದು. ಒಂದೇ ವರ್ಷದಲ್ಲಿ ಹತ್ತನೆಯ ಒಂದು ಭಾಗಕ್ಕೆ ಇಳಿದ ಲೋಹವನ್ನು ಸಾಲ ಮಾಡಿ ಕೂಡಿಟ್ಟವರಿಗೆ ಬ್ಯಾಂಕಿನ ಬಡ್ಡಿಯಷ್ಟೇ ಸ್ಥಿರವಾಗಿ ಉಳಿಯುತ್ತದೆ.